ಬೊಕ್ಕೆ ಬಿದ್ದ ಭಕ್ತರು

ನಮ್ಮ ಊರಿನ ದೈವಸ್ಥಾನದ ಕೆಂಡಸೇವೆಯಲ್ಲಿ ಮನೆಗೊಬ್ಬ ಗಂಡಸು ಕೆಂಡ ಹಾಯಬೇಕು. ಅದಕ್ಕೊಂದು ಕಟ್ಟುಪಾಡು: ಮನಸ್ಸಿನಲ್ಲಿ ಯಾರ ಮೇಲೂ ಹಗೆ ಇರಬಾರದು. ಹಗೆ ಇಟ್ಟುಕೊಂಡವನ ಕಾಲು ಸುಡುತ್ತದಂತೆ. ಹಾಗಾಗಿ ಹಿಂದಿನ ದಿನವೇ, ಮಾತು ಬಿಟ್ಟವರೆಲ್ಲ ಹತ್ತು ಜನರೆದುರು ಪರಸ್ಪರ ಕೈಮುಗಿದು ರಾಜಿಯಾಗಬೇಕು. ಜಗಳ ತೀರಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಆದರೆ ನಮ್ಮ ಮನೆಯ ಗಂಡಸರ ಎದುರು ಯಾವ ಉಪಾಯವೂ ನಡೆಯುವುದಿಲ್ಲ.

ಭಾವನ ನಾಯಿ ನಮ್ಮ ಕೋಳಿ ಹಿಡಿಯಿತು ಎಂದು ಇವರು. ತನ್ನ ನಾಯಿ ಬಿಸ್ಕೆಟು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಭಾವ. ಈ ಕೋಳಿಗಾಗಿ ಅಣ್ಣತಮ್ಮಂದಿರು ಎರಡು ವರ್ಷ ಮಾತಾಡಲಿಲ್ಲ. ನಾವು ಓರಗಿತ್ತಿಯರೂ ಬಾಯಿ ಕಟ್ಟಿಕೊಳ್ಳಬೇಕಾಯಿತು. ಅಕ್ಕನ ಜೊತೆ ಹರಟದೆ ನನಗೆ ಊಟವೇ ಸೇರುತ್ತಿರಲಿಲ್ಲ. ಅವರು ಬೇಲಿಯಾಚೆ ಬಟ್ಟೆ ಒಣಹಾಕಲು ಬಂದರೆ, ನಾನು ಒಣಗಿದ ಬಟ್ಟೆಯನ್ನೇ ಮತ್ತೆ ಕೊಡವುತ್ತಾ ನಿಲ್ಲುತ್ತಿದ್ದೆ. ಕೆಂಡಸೇವೆಯಾದರೂ ಅಕ್ಕನನ್ನು ನನಗೆ ವಾಪಸು ಕೊಡಲಿ ಎಂದು ಹರಕೆ ಹೊತ್ತಿದ್ದೆ.

ರಾಜಿಯ ಹೊತ್ತಿಗೆ ಇವರು ತೆಂಗಿನಮರ ನೋಡುತ್ತಾ ಕೈಮುಗಿದರು, ಭಾವ ಚಪ್ಪಲಿ ನೋಡುತ್ತಾ. ಮರುದಿನ ಬೆಳಿಗ್ಗೆ ಇಬ್ಬರೂ ಕೆಂಡ ಹಾಯ್ದರು. ಮಧ್ಯಾಹ್ನಕ್ಕೆ ಇವರ ಅಂಗಾಲಿನಲ್ಲಿ ಗೋಲಿಯಷ್ಟು ದೊಡ್ಡ ಬೊಕ್ಕೆ.

"ಯಾರಿಗೂ ಹೇಳ್ಬೇಡ ಮಾರಾಯ್ತಿ, ಮರ್ಯಾದೆ ಹೋಗ್ತದೆ" ಎಂದರು. ಸುಳ್ಯದಲ್ಲಿ ಗುರುತಿನವರು ಸಿಗುತ್ತಾರೆಂದು ಪುತ್ತೂರಿನ ಒಂದು ಕ್ಲಿನಿಕ್ಕಿಗೆ ಹೊರಟೆವು.

ಒಳಗೆ ಹೋದರೆ ಬೆಂಚಿನ ಮೇಲೆ ಭಾವ ಕಾಲು ಚಾಚಿ ಕುಳಿತಿದ್ದಾರೆ, ಪಕ್ಕದಲ್ಲಿ ಅಕ್ಕ! ಇವರು ತಿರುಗಿ ಓಡುತ್ತಿದ್ದರೋ ಏನೋ, ಕಾಲು ಕೇಳಬೇಕಲ್ಲ.

ನರ್ಸಮ್ಮ ಇಬ್ಬರ ಪಾದವನ್ನೂ ನೋಡಿದರು. "ಎಂತ ಆದ್ದು?"

"ಬಿಸಿನೀರು ಬಿದ್ದದ್ದು" ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

"ಕಾಲಿನ ಅಡಿಗಾ?"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ನನಗೂ ನಗು ತಡೆಯಲಾಗಲಿಲ್ಲ. ಗಂಡಸರು ಮಾತ್ರ ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಓದುವವರ ಹಾಗೆ ಓದಿದರು.

ವಾಪಸು ಬರಲು ಒಂದೇ ಬಸ್ಸು ಸಿಕ್ಕಿತು. ಗ್ರಹಚಾರಕ್ಕೆ ಅದರಲ್ಲಿ ದೈವಸ್ಥಾನದ ಹಿರಿಯರೊಬ್ಬರು ಕುಳಿತಿದ್ದರು. ಅವರು ಭಾವನ ಬ್ಯಾಂಡೇಜನ್ನೇ ದಿಟ್ಟಿಸಿ, "ಕಾಲಿಗೆ ಎಂತ ಆಯ್ತು ಮಾರಾಯ್ರೆ?" ಎಂದರು. ಭಾವ ಕಾಲನ್ನು ಸೀಟಿನಡಿಗೆ ಎಳೆದುಕೊಂಡರು. ಈಗ ಇವರು ಬಾಯಿಬಿಟ್ಟರೆ ಭಾವನ ಮಾನ ಹರಾಜು.

"ಅಣ್ಣ ಬಚ್ಚಲಲ್ಲಿ ಜಾರಿದ್ದು" ಎಂದರು ಇವರು. "ಹಿಡಿಲಿಕ್ಕೆ ಹೋಗಿ ನಾನೂ ಬಿದ್ದೆ."

ಅಣ್ಣ! ಎರಡು ವರ್ಷಗಳಿಂದ ಆ ಶಬ್ದ ಇವರ ಬಾಯಲ್ಲಿ ಕೇಳಿರಲಿಲ್ಲ. ನನಗೆ ಅಳುವೇ ಬಂತು. ಭಾವ ಕಿಟಕಿಯತ್ತ ತಿರುಗಿ, "ಇವ ಹಿಡಿಯದಿದ್ರೆ ನನ್ನ ಸೊಂಟವೇ ಹೋಗ್ತಿತ್ತು" ಎಂದು ಸುಳ್ಳಿಗೆ ಇನ್ನಷ್ಟು ಸೇರಿಸಿದರು.

ಅಕ್ಕ ಸರಿದು ಜಾಗ ಮಾಡಿ, "ಬಾ, ಕೂತ್ಕೋ" ಎಂದರು. ಕುಳಿತೆ. ಎಲ್ಲಿಂದ ಶುರುಮಾಡಿದೆವೋ ಗೊತ್ತಿಲ್ಲ, ಇಳಿಯುವ ಸ್ಟಾಪು ದಾಟಿ ಜಾಲ್ಸೂರು ಬಂದಿತ್ತು. ಆಟೋ ಸಿಗಲಿಲ್ಲ. ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ನಮಗೆ ಬೈಯುತ್ತಾ ಕುಂಟಿಕೊಂಡು ಮುಂದೆ ನಡೆದರು. ನಾವಿಬ್ಬರು ಹಿಂದಿನಿಂದ ಮಾತಾಡುತ್ತಾ ಹೋದೆವು.