ನಾವು ಎಣಿಸದ ಕುರಿಗಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕುರಿಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಎಣಿಸಿ ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ ಎಂಬ ಭಯ. ಸಂಜೆ ಕುರಿಹಟ್ಟಿಯ ಬಾಗಿಲಲ್ಲಿ ಅಪ್ಪ ಕೋಲೂರಿ ನಿಂತು ಒಮ್ಮೆ ಕಣ್ಣಾಡಿಸುತ್ತಿದ್ದ. "ಬಿಳಿ ಕಿವೀದು ಬಂದಿಲ್ಲ" ಎನ್ನುತ್ತಿದ್ದ. ನೋಡಿದರೆ ಅದು ನಿಜವಾಗಿಯೂ ಬಂದಿರುತ್ತಿರಲಿಲ್ಲ.

ನಮ್ಮೂರು ಸಿಂಧನೂರಿನ ಕಡೆ. ಆಗಷ್ಟೇ ಕಾಲುವೆಗೆ ನೀರು ಬಂದಿತ್ತು. ಗೊರೇಬಾಳದ ದಿಕ್ಕಿಗೆ ಕುರಿ ಮೇಯುತ್ತಿದ್ದ ಬೀಳು ಭೂಮಿಯೆಲ್ಲ ಭತ್ತದ ಗದ್ದೆಯಾಗಿತ್ತು. ಕುರಿ ಕಾಲಿಟ್ಟಲ್ಲೆಲ್ಲ ಬೈಗಳು. ಇನ್ನು ಕುರಿ ನಂಬಿ ಬದುಕುವುದು ಕಷ್ಟ, ಒಬ್ಬರಾದರೂ ಅಕ್ಷರ ಕಲಿಯಲಿ ಎಂದು ಅಪ್ಪ ನನ್ನನ್ನು ಶಾಲೆಗೆ ಹಾಕಿದ. ನಾನು ಮಾಡಬೇಕಿದ್ದ ಕೆಲಸ ಅಕ್ಕನ ಪಾಲಿಗೆ ಬಿತ್ತು. ಅವಳಿಗಾಗ ಹದಿಮೂರಿರಬಹುದು. ಶಾಲೆಯ ಒಳಗೆ ಒಂದು ದಿನವೂ ಕುಳಿತವಳಲ್ಲ.

ಅದೊಂದು ಚಳಿಯ ಬೆಳಿಗ್ಗೆ ಅಪ್ಪನ ಹಳೆಯ ಕರಿ ಕಂಬಳಿ ಹೊದ್ದು ಶಾಲೆಗೆ ಹೋದೆ. ಅದರಲ್ಲಿ ಉಣ್ಣೆಯ, ಒಲೆಯ ಹೊಗೆಯ, ಕುರಿಹಾಲಿನ ವಾಸನೆಯಿತ್ತು. ನನಗದು ಮನೆಯ ವಾಸನೆ. ಮಾಸ್ತರರು ಮೂಗು ಮುಚ್ಚಿಕೊಂಡು, ಅದನ್ನು ಬೆತ್ತದ ತುದಿಯಿಂದ ಎತ್ತಿ ಬಾಗಿಲಾಚೆ ಎಸೆದರು. ಆಮೇಲೆ ಲೆಕ್ಕದ ಪಾಠ. ನಿಮ್ಮ ಮನೆಯಲ್ಲಿ ಎಷ್ಟು ಕುರಿ ಇವೆ, ಐದು ಸತ್ತರೆ ಎಷ್ಟು ಉಳಿಯುತ್ತವೆ ಎಂದು ನನ್ನನ್ನೇ ಕೇಳಿದರು. ನಾನು ಸುಮ್ಮನೆ ನಿಂತೆ. ಲೆಕ್ಕ ಬರುತ್ತಿತ್ತು. ಆದರೆ ಹೇಳಿದರೆ ಕುರಿಗಳು ನಿಜವಾಗಿ ಸಾಯುತ್ತವೆ ಎಂದು ಹೆದರಿದ್ದೆ. ಮತ್ತೆ ಕೇಳಿದರು.

"ಕುರಿ ಕಾಯವನ ಮಗಾನೂ ಕುರೀನೇ," ಎಂದರು ಮಾಸ್ತರರು. "ಎಲ್ಲಾರೂ ಒದರ್ರಿ, ಇವಗ ಇವನ ಭಾಷಾದಾಗ ತಿಳೀಲಿ."

ಇಡೀ ತರಗತಿ 'ಮ್ಯಾ' ಎಂದು ಒದರಿತು. ದಿನಾ ನನ್ನ ಜೊತೆ ಗೋಲಿ ಆಡುವವನೂ ಒದರಿದ. ಇಷ್ಟು ವರ್ಷಗಳಾದರೂ ಆ ಸದ್ದು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಒಂದು ಮಗುವನ್ನು ಅವಮಾನಿಸಲು ಉಳಿದ ಮಕ್ಕಳ ಬಾಯನ್ನೇ ಬಳಸಿದರಲ್ಲ, ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಕುಂಟುವ ಮರಿಯನ್ನು ನೋಡಿ ನಮ್ಮ ಹಿಂಡಿನ ಯಾವ ಕುರಿಯೂ ಅಣಕಿಸಿದ್ದಿಲ್ಲ.

ಮಧ್ಯಾಹ್ನ ಬಿಡುವು ಕೊಟ್ಟದ್ದೇ ಕಾಲುವೆಯ ಏರಿಗೆ ಓಡಿದೆ. ಅಕ್ಕ ಅಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ನನ್ನನ್ನು ನೋಡಿದವಳೇ, "ಕಂಬಳಿ ಎಲ್ಲೈತಿ?" ಎಂದಳು.

ಅಳುತ್ತಲೇ ಎಲ್ಲ ಹೇಳಿದೆ. ನಾಳೆಯಿಂದ ಶಾಲೆಗೆ ಹೋಗುವುದಿಲ್ಲ, ಕುರಿ ಕಾಯುತ್ತೇನೆ ಎಂದೆ. ಅಕ್ಕ ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗೆ ಕೊಟ್ಟಳು. ನಾನು ತಿಂದು ಮುಗಿಸುವವರೆಗೆ ಕಾದಳು.

"ಶಾಲಿ ಬಿಡ್ತೀಯೇನಲೇ?" ಎಂದಳು ಆಮೇಲೆ. "ಮತ್ತ ನಾ ಯಾರ ಸಲುವಾಗಿ ಬಿಸಲಾಗ ನಿಂತೀನಿ?"

ಎದ್ದು, ನನ್ನ ಕೈ ಹಿಡಿದು, ಹಿಂಡನ್ನೇ ಹೊಡೆದುಕೊಂಡು ಶಾಲೆಯತ್ತ ನಡೆದಳು. ಅಂಗಳದ ತುಂಬ ಕುರಿ, ಧೂಳು, ಕೊರಳ ಗಂಟೆಯ ಸದ್ದು. ಅಕ್ಕ ಹೊಸ್ತಿಲು ದಾಟಲಿಲ್ಲ. ಹೊರಗೆ ಬಿದ್ದಿದ್ದ ಕಂಬಳಿಯನ್ನೆತ್ತಿ, ಕೊಡವಿ, ತನ್ನ ಹೆಗಲಿಗೆ ಹಾಕಿಕೊಂಡಳು.

"ಮಾಸ್ತರ್ರೀ, ಇವಗ ಲೆಕ್ಕ ಬರ್ತೈತ್ರಿ," ಎಂದಳು. "ನಮ್ಮ ಮನ್ಯಾಗ ಜೀವ ಇದ್ದದ್ದು ಎಣಿಸಿ ಹೇಳಂಗಿಲ್ರಿ. ನಿಮಗ ಬೇಕಂದ್ರ ಇಲ್ಲೇ ಅದಾವ, ನೀವೇ ಎಣಿಸ್ಕೋರಿ. ಇವಗ ಕಲ್ಲಿನ ಲೆಕ್ಕ ಕೇಳ್ರಿ."

ಮಾಸ್ತರರು ಹೊರಗೆ ನೋಡಿದರು. ಕುರಿಗಳು ಒಂದರೊಳಗೊಂದು ನುಗ್ಗಿ ಸುತ್ತುತ್ತಿದ್ದವು. ಅವನ್ನು ಎಣಿಸುವುದು ಯಾರಿಂದಲೂ ಆಗದ ಕೆಲಸ. ಕೊನೆಗೆ, ನಲವತ್ತು ಕಲ್ಲಿನಲ್ಲಿ ಹದಿನೇಳು ತೆಗೆದರೆ ಎಷ್ಟು ಎಂದು ಸಿಡುಕಿದರು. ಇಪ್ಪತ್ತಮೂರು ಎಂದೆ.

ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಆ ದಿನವೂ ಇಲ್ಲ, ಆ ವರ್ಷವೂ ಇಲ್ಲ. ಕುಳಿತುಕೋ ಎಂದರು, ಅಷ್ಟೇ. ಅಕ್ಕ ಕಂಬಳಿಯನ್ನು ನನಗೆ ಹೊದಿಸಿ ಕಿವಿಯಲ್ಲಿ ಹೇಳಿದಳು: "ಅವರು ಕಲಿಸಿದ್ದು ತಗೋ. ಬೈದದ್ದು ಅವರ ಹತ್ರಾನ ಇರ್ಲಿ." ಆ ಮಾತು ಹಿಡಿದುಕೊಂಡೇ ಶಾಲೆಯ ಉಳಿದ ವರ್ಷಗಳನ್ನು ದಾಟಿದೆ.

ಮೊಮ್ಮಕ್ಕಳೇ, ನಿಮ್ಮ ಶಾಲೆಯ ಬಸ್ಸು ಮನೆಯ ಬಾಗಿಲಿಗೇ ಬರುತ್ತದೆ. ತರಗತಿಯಲ್ಲಿ ಫ್ಯಾನು ತಿರುಗುತ್ತದೆ. ಯಾರೂ ಬೆತ್ತ ಹಿಡಿಯುವುದಿಲ್ಲ. ಹಾಗಾಗಿ ಇಂಥದ್ದೆಲ್ಲ ನಮ್ಮ ಕಾಲಕ್ಕೇ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ, ಅಕ್ಕ ತೀರಿಕೊಂಡ ಹನ್ನೊಂದನೆಯ ದಿನ, ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಾಗ ತಲೆ ಎಣಿಸಲು ನನಗೆ ಹೇಳಿದರು. ನಾನು ಎಣಿಸಲಿಲ್ಲ. ಅಪ್ಪನಂತೆ ಒಮ್ಮೆ ಕಣ್ಣಾಡಿಸಿದೆ. ಅಕ್ಕ ಇರಲಿಲ್ಲ. ನಿಮ್ಮೆಲ್ಲರಿಗಿಂತ ಚಿಕ್ಕವಳೂ ಇರಲಿಲ್ಲ.

ಹಿತ್ತಲ ಮೆಟ್ಟಿಲ ಮೇಲೆ ಸಿಕ್ಕಳು. ಇಂಗ್ಲಿಷ್ ಓದುವಾಗ ತಡವರಿಸಿದ್ದಕ್ಕೆ ಟೀಚರ್ ಇಡೀ ಕ್ಲಾಸಿನಿಂದ ಅವಳಂತೆಯೇ ತೊದಲಿಸಿ ನಗಿಸಿದ್ದರಂತೆ. ಯಾಕೆ ಹೇಳಲಿಲ್ಲ ಎಂದರೆ, ಮನೆಯಲ್ಲಿ ಎಲ್ಲರೂ ಅಳುತ್ತಿದ್ದಿರಲ್ಲ ಎಂದಳು.

ಪುಟ್ಟೀ, ನಾಳೆ ನಿನ್ನ ಶಾಲೆಗೆ ನಾನೂ ಬರುತ್ತೇನೆ. ನನ್ನ ಹತ್ತಿರ ಈಗ ಕುರಿಗಳಿಲ್ಲ. ಆ ಕಂಬಳಿ ಇನ್ನೂ ಪೆಟ್ಟಿಗೆಯಲ್ಲಿದೆ. ಹೊದ್ದುಕೊಂಡು ಬರುತ್ತೇನೆ.