ಶುಭಾಂಗಿಯ ಏಳನೆಯ ಕಲ್ಲು

ಗಡಿಯಾಚೆ ಅಕ್ಕಲಕೋಟೆ ಕಡೆಯ ಕರಜಗಿಯ ಕುರುಬರ ಪೀರಪ್ಪನ ಮಗಳು ಶುಭಾಂಗಿಗೆ ಹದಿನೇಳನೆಯ ವಯಸ್ಸಿಗೇ ಬಾಳಿನ ಪರಮ ಗುರಿ ಸ್ಪಷ್ಟವಾಗಿತ್ತು: ಕೂತುಕೊಳ್ಳುವುದು. ದೊಡ್ಡ ಕುರ್ಚಿ ಬೇಕಿರಲಿಲ್ಲ, ತಲೆಯ ಮೇಲೆ ಫ್ಯಾನ್ ತಿರುಗಬೇಕೆಂಬ ಹಟವೂ ಇರಲಿಲ್ಲ. ಕೂತ ಮೇಲೆ ಯಾರೂ ಏಳು ಎನ್ನಬಾರದು, ಅಷ್ಟೆ. ಅವಳ ಮನೆತನ ಕುಲದೇವರು ಬೀರೋಬಾ ಕುರಿ ಕೊಟ್ಟಂದಿನಿಂದ ನಡೆಯುತ್ತಲೇ ಬಂದಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತ ಭೀಮಾ ನದಿಯ ದಂಡೆಯವರೆಗೆ ನಡೆಯುವುದು, ಮಳೆ ಬಿದ್ದ ಮೇಲೆ ಅಷ್ಟನ್ನೂ ತಿರುಗಿ ನಡೆಯುವುದು. ಶುಭಾಂಗಿ ಮೊದಲ ಹೆಜ್ಜೆ ಇಟ್ಟದ್ದೇ ಕುರಿಯ ಬಾಲ ಹಿಡಿದು.

ಹನ್ನೊಂದನೆಯ ವರ್ಗಕ್ಕೆ ಸೊಲ್ಲಾಪುರದ ಒಂದು ಕಾಲೇಜಿಗೆ ಹೋದಾಗ ಜೀವಶಾಸ್ತ್ರದ ಜಾಗಗಳು ತುಂಬಿದ್ದವು. ಭೂವಿಜ್ಞಾನ ಖಾಲಿ ಇದೆ ಎಂದ ಗುಮಾಸ್ತ. ಅದರಲ್ಲಿ ಏನು ಓದುವುದು ಎಂದು ಕೇಳಿದರೆ, ಕಲ್ಲು ಎಂದ. ಶುಭಾಂಗಿ ಯೋಚಿಸಿದಳು. ಕುರಿ ನಡೆಯುತ್ತದೆ, ಕಲ್ಲು ನಡೆಯುವುದಿಲ್ಲ. ನಡೆಯದ ವಸ್ತುವನ್ನು ಓದುವವಳೂ ನಡೆಯಬೇಕಿಲ್ಲ. ತರ್ಕದಲ್ಲಿ ಎಲ್ಲೂ ಬಿರುಕು ಕಾಣಲಿಲ್ಲ. ಸಹಿ ಹಾಕಿದಳು.

ಮೊದಲ ವಾರವೇ ಭೂವಿಜ್ಞಾನ ಕಲಿಸುವ ನಂದಾ ಮೇಡಮ್ ತರಗತಿಯಲ್ಲಿ ಮರಾಠಿಯಲ್ಲಿ ಗುಡುಗಿದರು: "ಕಲ್ಲು ನಿಮ್ಮ ಹತ್ತಿರ ಬರುವುದಿಲ್ಲ, ನೀವೇ ಅದರ ಹತ್ತಿರ ನಡೆಯಬೇಕು!"

ಹೀಗೆ ಆ ವೀರನಾರಿಯ ದಂಡಯಾತ್ರೆ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟೆ, ಅಲ್ಲಿಂದ ಇನ್ನೊಂದರಲ್ಲಿ ಸೊಲ್ಲಾಪುರ. ಎರಡರಲ್ಲೂ ನಿಂತೇ. ಪುಸ್ತಕ ಇಂಗ್ಲಿಷು, ಪಾಠ ಮರಾಠಿ, ತಿಳಿಯಬೇಕಾದದ್ದು ಕನ್ನಡದಲ್ಲಿ. ಒಂದು ಕಲ್ಲು ಮೂರು ಭಾಷೆ ದಾಟಿ ಅವಳ ತಲೆ ಮುಟ್ಟುವಷ್ಟರಲ್ಲಿ ಸವೆದು ಉಸುಕಾಗಿರುತ್ತಿತ್ತು.

ಒಂದು ಸಂಜೆ ಬಸ್ಸಿನ ಕಂಡಕ್ಟರ್ ಅವಳ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

"ಏನದವಾ ಇದರಾಗ?"

"ಕಲ್ಲ್ರಿ."

"ನಮ್ಮ ಕಡಿ ಕಲ್ಲಿನ ಬರಗಾಲ ಬಿದ್ದದೇನು, ಸೊಲ್ಲಾಪುರದಿಂದ ಹೊತ್ತು ತರಾಕತ್ತೀದಿ?"

ಅವಳು ಚೀಲವನ್ನು ತಾನೇ ಎಳೆದು ಕಾಲ ನಡುವೆ ಇಟ್ಟುಕೊಂಡು ನಿಂತಳು.

ಹನ್ನೆರಡನೆಯ ವರ್ಗದ ಪ್ರಾಕ್ಟಿಕಲ್ ಪರೀಕ್ಷೆಗೆ ಮೇಡಮ್ಮಿನ ಕಾನೂನು ಒಂದೇ: ಸ್ವತಃ ಹುಡುಕಿ ತಂದ ಹತ್ತು ನಮೂನೆ ಕಲ್ಲು ಡಬ್ಬಿಯಲ್ಲಿರಬೇಕು. ಒಂದು ಕಡಿಮೆಯಾದರೂ ಜರ್ನಲ್‌ಗೆ ಸಹಿಯಿಲ್ಲ, ಸಹಿಯಿಲ್ಲದೆ ಪರೀಕ್ಷೆಯಿಲ್ಲ. ಮನೆಯಲ್ಲಿ ಪೀರಪ್ಪನದೂ ಒಂದು ಕಾನೂನಿತ್ತು: "ಪಾಸಾದಿ, ಮುಂದ ಕಲಿ. ನಪಾಸಾದಿ, ಬರೂ ವರ್ಷ ಕುರಿ ಹಿಂದ ನಡಿ."

ಒಂಬತ್ತು ಕಲ್ಲು ಹೇಗೋ ಸಿಕ್ಕವು. ಪಟ್ಟಿಯ ಏಳನೆಯದು ಸತಾಯಿಸಿತು. ಪುಸ್ತಕದಲ್ಲಿ ಅದರ ಹೆಸರು ರೆಡ್ ಬೋಲ್. ಕಪ್ಪು ಕಲ್ಲಿನ ಎರಡು ಪದರಗಳ ನಡುವೆ ಸಿಗುವ ಕೆಂಪು ಗಟ್ಟಿ ಮಣ್ಣು. ಮೂರು ರವಿವಾರ ಸೊಲ್ಲಾಪುರದ ಹತ್ತಿರದ ಹೋಟಗಿಯ ಸುತ್ತ ತೋಡಿದ ಬಾವಿಗಳ ಮಣ್ಣಿನ ಗುಡ್ಡೆ ಕೆದರಿ, ಮುಷ್ಟಿಗಾತ್ರದ ಹೆಂಟೆ ತಂದಳು.

ಪರೀಕ್ಷೆಯ ಹಿಂದಿನ ಸಂಜೆ ಡಬ್ಬಿ ತೆರೆದರೆ ಏಳನೆಯ ಜಾಗದಲ್ಲಿ ಚೀಟಿ ಮಾತ್ರ ಇತ್ತು. ಹಟ್ಟಿಯಲ್ಲಿ ಪೀರಪ್ಪ ಕೆಂಪು ಬಟ್ಟಲು ಹಿಡಿದು ಕಟ್ಟಕಡೆಯ ಕುರಿಯ ಬೆನ್ನಿಗೆ ಪಟ್ಟಿ ಎಳೆಯುತ್ತಿದ್ದ.

"ಅಪ್ಪಾ! ಡಬ್ಬ್ಯಾಗಿನ ಕೆಂಪ ಹೆಂಟಿ?"

"ಆ ಜಾಜು? ಅರದು ಹಚ್ಚೀನಿ. ನಾಳಿ ಭೀಮಶಾನ ಹಿಂಡು ನಮ್ಮ ಹಿಂಡು ಕೂಡತಾವ, ಗುರುತು ಬ್ಯಾಡೇನು? ಏನ್ ಬಣ್ಣಾ ಮಗಳ! ಇಂಥಾ ಜಾಜು ನಮ್ಮಪ್ಪನ ಕಾಲದಾಗ ಹಚ್ಚತಿದ್ವಿ."

"ಅದು ನನ್ನ ಪರೀಕ್ಷಾದ ಕಲ್ಲು!"

"ಕುರುಬರ ಮನ್ಯಾಗ ಜಾಜು ತಂದಿಟ್ರ ಕುರಿಗಿ ಅಂತ ತಿಳೀಬೇಕೋ, ಪರೀಕ್ಷಾಕ ಅಂತ ತಿಳೀಬೇಕೋ?"

ಅವ್ವ ಹಣಮವ್ವ ಒಳಗಿನಿಂದಲೇ ತೀರ್ಪು ಕೊಟ್ಟಳು: "ಇಬ್ಬರದೂ ತಪ್ಪದ. ರೊಟ್ಟಿ ಆರತಾವ, ಬರ್ರಿ."

ಅರವತ್ತು ಕುರಿಗಳು ಏಳನೆಯ ನಮೂನೆಯನ್ನು ಬೆನ್ನ ಮೇಲೆ ಹೊತ್ತು ಶುಭಾಂಗಿಯನ್ನು ನೋಡಿದವು. ಅವಳು ಅಲ್ಲೇ ಕುಸಿದು ಕೂತಳು. ಕೂತದ್ದರಲ್ಲಿ ಸುಖವಿರಲಿಲ್ಲ.

ತಾನು ಮಾಡಿದ್ದೇನೆಂದು ಪೀರಪ್ಪನಿಗೆ ಈಗ ತಿಳಿಯಿತು. "ಎಲ್ಲಿಂದ ತಂದಿದ್ದಿ?"

"ಹೋಟಗಿ."

"ಹೋಟಗಿತನಾ ಯಾಕ ಹೋದಿ? ನಮ್ಮ ಹಳ್ಳದ ದಂಡ್ಯಾಗ ಬೇಕಾದಷ್ಟದ."

"ಮತ್ತ ಹೇಳಲಿಲ್ಲ?"

"ನೀ ಕೇಳಿದ್ದೇನು?"

ಕೇಳಿರಲಿಲ್ಲ. ಭೂವಿಜ್ಞಾನವನ್ನು ಅಪ್ಪನ ಹತ್ತಿರ ಕೇಳಬಹುದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

"ಹಂಗಾದ್ರ ನೀನು ಅಲ್ಲಿಂದ ಯಾಕ ತರಲಿಲ್ಲ?"

ಪೀರಪ್ಪ ಮೊಣಕಾಲು ತಿಕ್ಕಿಕೊಂಡ. "ಅಲ್ಲಿತನಾ ನಡಿಯೂದು ತಪ್ಪಿತಲ್ಲಾ ಅಂತ ಖುಷಿ ಆದೆ. ಸಾಕಾಗ್ಯದವಾ ನಡದು ನಡದು."

ಶುಭಾಂಗಿ ಅಪ್ಪನನ್ನು ದಿಟ್ಟಿಸಿದಳು. ಈ ರೋಗ ಮನೆಯಲ್ಲಿ ತನಗೊಬ್ಬಳಿಗೇ ಇದೆ ಎಂದುಕೊಂಡಿದ್ದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರು ದಣಿದವರು ಹಳ್ಳದ ಕಡೆ ಕಾಲೆಳೆಯುತ್ತಿದ್ದರು. ಮುಕ್ಕಾಲು ಗಂಟೆಯ ಹಾದಿ. ದಂಡೆ ಸಿಕ್ಕ ಕೂಡಲೇ ಪೀರಪ್ಪ ಕಲ್ಲೊಂದರ ಮೇಲೆ ಕೂತು ಕೋಲಿನಿಂದ ತೋರಿಸಿದ: "ಮ್ಯಾಲ ಕರಿ, ಕೆಳಗ ಕರಿ, ನಡು ಇದು."

ಪುಸ್ತಕದ ಚಿತ್ರವೇ ನೆಲದಲ್ಲಿ ನಿಂತಿತ್ತು. ಕೆಳಗೆ ಒಮ್ಮೆ ಹರಿದ ಲಾವಾ, ಮೇಲೆ ಇನ್ನೊಮ್ಮೆ ಹರಿದದ್ದು, ನಡುವೆ ಗೇಣುದ್ದ ಕೆಂಪು. ಎರಡು ವರ್ಷ ಬಾಯಿಪಾಠ ಮಾಡಿದ್ದು ಆಗ ತಿಳಿಯಿತು: ಬೆಂಕಿಯ ಹೊಳೆ ಕೂಡ ಎಷ್ಟೋ ಕಾಲ ಸುಮ್ಮನೆ ಬಿದ್ದಿತ್ತು. ಅವಳಿಗೆ ಈ ಭೂಮಿಯ ಬಗ್ಗೆ ಮೊದಲ ಸಲ ಗೌರವ ಬಂತು.

"ನೋಡಕೋತ ನಿಂತರ ಬಸ್ಸು ಹೋಗತದ," ಎಂದ ಪೀರಪ್ಪ.

ಆರರ ಬಸ್ಸು ತಪ್ಪಿ, ಮುಂದಿನ ಬಸ್ಸಿನಲ್ಲಿ ಹೋದಳು. ಪರೀಕ್ಷೆಯ ಬಾಗಿಲಲ್ಲಿ ಮೇಡಮ್ ಹತ್ತನ್ನೂ ಎಣಿಸಿ, ಬೈಯುತ್ತಲೇ ಸಹಿ ಹಾಕಿದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇನ್ನೂ ಹಸಿಯಾಗಿದ್ದ ಏಳನೆಯ ಹೆಂಟೆಯನ್ನೇ ಎತ್ತಿಕೊಂಡರು.

"ಇದು ಹೇಗಾಯಿತು?"

ಇಂಗ್ಲಿಷ್ ಉತ್ತರ ಹಳ್ಳದಲ್ಲೇ ಉಳಿದಿತ್ತು. ತನಗೆ ಬಂದ ಮರಾಠಿಯಲ್ಲಿ ಹೇಳಿದಳು: "ಸರ್, ಲಾವಾ ದಣಿದು ಕೂತಿತ್ತು. ಕೂತಲ್ಲಿ ಬಿಸಿಲು ಮಳೆಗೆ ಅದರ ಮೈ ಮಣ್ಣಾಯಿತು. ಅಷ್ಟರಲ್ಲಿ ಇನ್ನೊಂದು ಲಾವಾ ಬಂದು ಅದನ್ನು ಸುಟ್ಟಿತು. ಕೂತವರನ್ನು ಯಾರು ಬಿಡುತ್ತಾರೆ, ಸರ್?"

ಪರೀಕ್ಷಕರು ನಕ್ಕು ಏನೋ ಬರೆದರು. ಶುಭಾಂಗಿ ಎದುರಿನಿಂದ ಅದನ್ನು ತಲೆಕೆಳಗಾಗಿಯೇ ಓದಿದಳು: ಮೂವತ್ತಕ್ಕೆ ಇಪ್ಪತ್ತಾರು. ಆಮೇಲೆ ಆ ಜಾಗ ಎಲ್ಲಿದೆ ಎಂದು ವಿಚಾರಿಸಿ, ನಂದಾ ಮೇಡಮ್ಮಿನ ಕಿವಿಯಲ್ಲಿ ಏನೋ ಹೇಳಿದರು. ಮೇಡಮ್ ಹಿಗ್ಗಿಹೋದರು.

ಸಂಜೆ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಿಂದ ಅವಳು ಅಪ್ಪನಿಗೆ ಫೋನ್ ಹಚ್ಚಿದಳು.

"ಏನಾತು?"

"ಪಾಸಾದಂಗೇ ಅದ."

"ಮತ್ತ ದನಿ ಯಾಕ ಬಿದ್ದದ?"

"ರವಿವಾರ ಹನ್ನೊಂದನೇ ವರ್ಗದ ನಲವತ್ತು ಮಂದೀನ ನಮ್ಮ ಹಳ್ಳಕ್ಕ ನಡಸಕೋತ ಒಯ್ಯಬೇಕಂತ. ನಾನ ಹಾದಿ ತೋರಸಬೇಕಂತ."

ಆ ಕಡೆ ಪೀರಪ್ಪ ಲೆಕ್ಕ ಹಾಕಿದ.

"ನಲವತ್ತಂದ್ರ ಸಣ್ಣ ಹಿಂಡು. ನೀ ಮುಂದ ಹೋಗಬ್ಯಾಡ, ಹಿಂದ ನಡಿ. ಮುಂದ ಹೋದ್ರ ಅರ್ಧಾ ಕಳೀತಾವ."