ಗೌರಕ್ಕನ ಅಳತೆಯ ಬಾಗಿಲು

ಕಳೆದ ಭಾನುವಾರ ಕುಪ್ಪಗಡ್ಡೆಯಲ್ಲಿ ಒಂದು ಕಾರಿನ ಬಾಗಿಲು ಬಿಚ್ಚುವುದನ್ನು ನೋಡಲು ಹೋಗಿದ್ದೆ. ನೋಡದೆ ವಾಪಸ್ ಬಂದೆ.

ಕಾರು ಗೆಳೆಯ ಬಸವರಾಜನದು. ಎರಡನೇ ಮಹಾಯುದ್ಧಕ್ಕೂ ಹಿಂದಿನದು. ಅವನ ಅಪ್ಪ ಯಾರೋ ಎಸ್ಟೇಟ್ ಮಾಲೀಕರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅದನ್ನು ವಿಂಟೇಜ್ ರ‍್ಯಾಲಿಗೆ ಒಯ್ಯುವ ಆಸೆ ಇವನಿಗೆ. ಅದಕ್ಕೆಂದೇ ಹಳೆಯ ಕಾರುಗಳ ತಜ್ಞರೊಬ್ಬರನ್ನು ಮೈಸೂರಿನಿಂದ ಕರೆಸಿದ್ದ.

ತಜ್ಞರು ಒಳ್ಳೆಯವರು, ಕಾರಿನ ಮೇಲೆ ನಿಜವಾದ ಪ್ರೀತಿ ಇದ್ದವರು. 'ಆಗ ಕಂಪನಿ ಕೊಡ್ತಿದ್ದದ್ದು ಇಂಜಿನ್ನು, ಚಾಸಿ ಮಾತ್ರ ಸಾರ್. ಬಾಡಿ ಬೇರೆಯವರು ಕಟ್ಟೋರು, ಕೊಂಡವರ ಅಳತೆಗೆ. ಒಬ್ಬ ರಾಜರಿಗಂತೂ ಪೇಟ ತಗುಲಬಾರದು ಅಂತ ಚಾವಣಿನೇ ಎತ್ತರಿಸಿದ್ರು' ಎಂದರು. (ಹೇಳುವಾಗ ಅವರ ಮುಖ ನೋಡಬೇಕಿತ್ತು.) ಆಮೇಲೆ ಹಿಂದಿನ ಎಡ ಬಾಗಿಲು ತೋರಿಸಿ, 'ಇದು ಒರಿಜಿನಲ್ ಅಲ್ಲ, ತೆಗೀಬೇಕು' ಎಂದರು.

ಹೌದು, ಆ ಬಾಗಿಲು ಉಳಿದವಕ್ಕಿಂತ ಅಗಲ. ತೆರೆದರೆ ಸೀಟಿನಡಿಯಿಂದ ಸಾಗವಾನಿ ಹಲಗೆಯೊಂದನ್ನು ಹೊರಕ್ಕೆ ಎಳೆಯಬಹುದು. ಪಕ್ಕದಲ್ಲೇ ಹಿತ್ತಾಳೆಯ ಹಿಡಿ. ಬಸವರಾಜನ ಅಕ್ಕ ಗೌರಕ್ಕನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲಿನ ಬಲ ಹೋಗಿತ್ತು. ಅವರು ಶಾಲೆಗೆ ಹೋಗಲೆಂದು ಅಪ್ಪ ಮಾಡಿಸಿದ ಬಾಗಿಲು ಅದು. ಕಟ್ಟಿದವರು ಶಿಕಾರಿಪುರದಲ್ಲಿ ಲಾರಿಗೆ ಬಾಡಿ ಕಟ್ಟುತ್ತಿದ್ದ ಖಾದರ್ ಸಾಬರು. 'ಮೊದ್ಲು ಹುಡುಗೀನ ಕರ್ಕೊಂಡ್ ಬರ್ರಿ, ಕಾರು ಆಮೇಲೆ' ಎಂದಿದ್ದರಂತೆ.

ಬಾಗಿಲು ತೆಗೆಯುವ ಮಾತು ಕೇಳಿಸಿ ಗೌರಕ್ಕ ವೀಲ್‌ಚೇರಿನಲ್ಲಿ ಹೊರಗೆ ಬಂದರು.

'ಹಂಗಾರೆ ನಾ ಹತ್ತದು ಹೆಂಗೆ?'

'ನಿಂಗೆ ಹೊಸ ಕಾರು ಐತಲ್ಲಕ್ಕ' ಎಂದ ಬಸವರಾಜ.

'ಅದಕ್ಕೆ ನೀವು ನನ್ನ ಎತ್ತಿ ಕೂರಿಸ್ತೀರಿ. ಇದಕ್ಕೆ ನಾನೇ ಹತ್ತತಿದ್ದೆ.'



ಗೌರಕ್ಕ ಬಾಗಿಲು ತೆರೆದು ಹಲಗೆ ಎಳೆದರು. ಹಿಡಿಯನ್ನು ಗಟ್ಟಿಯಾಗಿ ಹಿಡಿದು ವೀಲ್‌ಚೇರಿನಿಂದ ಹಲಗೆಗೆ, ಹಲಗೆಯಿಂದ ಸೀಟಿಗೆ ಸರಿದರು. ವಯಸ್ಸಾಗಿದೆ, ಏದುಸಿರು. ಬಸವರಾಜ ಕೈ ಚಾಚಿದ; ಬೇಡವೆಂದು ತಲೆಯಾಡಿಸಿದರು. ಹಲಗೆ ಒಳಕ್ಕೆ ತಳ್ಳಿ ಬಾಗಿಲನ್ನೂ ತಾವೇ ಹಾಕಿಕೊಂಡರು.

'ಈಗ ಬಿಚ್ಚು' ಎಂದರು.

ಅವನಿಂದಾಗಲಿಲ್ಲ. ತಜ್ಞರು, ಪಾಪ, ಸ್ಪ್ಯಾನರ್ ಒರೆಸಿ ಬ್ಯಾಗಿಗೆ ಹಾಕಿಕೊಂಡರು. ಈ ಬಾಗಿಲಿದ್ದರೆ ರ‍್ಯಾಲಿಯವರು ಕಾರನ್ನು ಸೇರಿಸಿಕೊಳ್ಳುವುದಿಲ್ಲವಂತೆ.

ಸೇರಿಸಿಕೊಳ್ಳದಿದ್ದರೆ ಬೇಡ. ಆದರೆ ರಾಜನ ಪೇಟಕ್ಕೆಂದು ಎತ್ತರಿಸಿದ ಚಾವಣಿ ಒರಿಜಿನಲ್ ಆಗುವುದಾದರೆ, ಗೌರಕ್ಕನ ಕಾಲಿಗೆಂದು ಅಗಲ ಮಾಡಿದ ಬಾಗಿಲು ಯಾಕಲ್ಲ?